ಬಿಳಿ ಐದರಲ್ಲೊಂದು ಕ್ರಿಸ್‌ಮಸ್: ಮರಾಯಾ ಕ್ಯಾರಿಯ ಆಲ್ಬಂ, ಮೂವತ್ತು ವರ್ಷಗಳ ಸ್ವಾಗತ

ಹಬ್ಬದ ಆಲ್ಬಂ ಒಂದು ವಿಚಿತ್ರ ಸರಕು. ಅಮೆರಿಕದಲ್ಲಿ ಅದು ಅಂಗಡಿಗೆ ಬರುವುದು ನವೆಂಬರ್ ಮೊದಲ ವಾರಕ್ಕೆ. ಡಿಸೆಂಬರ್ 25ರ ತನಕ ಜನ ಕೊಳ್ಳುತ್ತಾರೆ, 26ಕ್ಕೆ ಯಾರೂ ಮುಟ್ಟುವುದಿಲ್ಲ. ಆರೇಳು ವಾರದ ಆಯುಸ್ಸು. ಬೇರೆ ಆಲ್ಬಮ್ಮಿಗೆ ಮೊದಲ ಹಾಡು ಓಡದಿದ್ದರೆ ಎರಡನೆಯದನ್ನು ಬಿಡಬಹುದು, ಮೂರು ತಿಂಗಳು ಕಾಯಬಹುದು. ಇಲ್ಲಿ ಆ ಅವಕಾಶವೇ ಇಲ್ಲ. ಆದರೆ ಅದು ಹಳೆಯ ಪಂಚಾಂಗದ ಹಾಗೆ ರದ್ದಿಗೂ ಹೋಗುವುದಿಲ್ಲ. ನುಸಿಗುಳಿಗೆ ಹಾಕಿ ಮಡಿಚಿಟ್ಟ ರೇಷ್ಮೆ ಸೀರೆ ಇದ್ದಂತೆ, ಮುಂದಿನ ವರ್ಷ ಅದೇ ಹೊತ್ತಿಗೆ ಹೊರಗೆ ಬರುತ್ತದೆ. ಬಂದಾಗ ಬಣ್ಣ ಮಾಸಿರಬಾರದು, ಅಷ್ಟೆ.

ಇವತ್ತಿನ ಮಾತೆಲ್ಲ ಆ ಬಣ್ಣದ ಸುತ್ತ. 1994ರ ನವೆಂಬರ್‌ನಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಬಿಡುಗಡೆ ಮಾಡಿದ, ಅಮೆರಿಕದ ಪಾಪ್ ಗಾಯಕಿ ಮರಾಯಾ ಕ್ಯಾರಿಯ 'ಮೆರ್ರಿ ಕ್ರಿಸ್‌ಮಸ್' ಆಲ್ಬಮ್ಮಿನಲ್ಲಿ ಹತ್ತು ಹಾಡುಗಳಿವೆ. ಎರಡನೆಯದು 'ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯೂ'. ಅದನ್ನು ನೀವೆಲ್ಲ ಕೇಳಿದ್ದೀರಿ. ಕೇಳಬೇಕೆಂದು ಕೂತು ಕೇಳಿರಲಿಕ್ಕಿಲ್ಲ, ಡಿಸೆಂಬರ್‌ನಲ್ಲಿ ಬೆಂಗಳೂರಿನ ಯಾವುದೋ ಮಾಲಿನ ಎಸ್ಕಲೇಟರ್ ಮೇಲೆ ನಿಂತಾಗ ಅದೇ ಬಂದು ಕಿವಿಗೆ ಬಿದ್ದಿರುತ್ತದೆ. ಈ ಹಾಡು ಅಮೆರಿಕದ ಮುಖ್ಯ ಹಾಡುಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 2019ರಲ್ಲಿ. ಇಪ್ಪತ್ತೈದು ವರ್ಷ ಯಾಕೆ ಹಿಡಿಯಿತು ಎಂದು ಕೇಳಿದರೆ, ಜನರ ರುಚಿ ಬದಲಾಯಿತು ಎನ್ನುವುದು ಸುಲಭದ ಉತ್ತರ. ನನಗೆ ಅದು ಸರಿ ಕಾಣುವುದಿಲ್ಲ. ಬದಲಾದದ್ದು ಎಣಿಕೆಯ ನಿಯಮ. ಹಾಡು ಮಾತ್ರ, ಯಾವ ವರ್ಷದ್ದೂ ಅಲ್ಲದಂತೆ ಕಟ್ಟಿದ್ದರಿಂದ, ಆ ನಿಯಮ ಬದಲಾಗುವ ತನಕ ಕೆಡದೆ ಉಳಿದಿತ್ತು.

ಮೊದಲು ಸಂದರ್ಭ. ಕ್ಯಾರಿಗೆ ಆಗ ಇಪ್ಪತ್ತೈದು ವರ್ಷ. ಹಿಂದಿನ ವರ್ಷ ಬಂದ 'ಮ್ಯೂಸಿಕ್ ಬಾಕ್ಸ್' ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಾರಾಟದ ಹಾದಿಯಲ್ಲಿತ್ತು. ಅಂಥ ಹೊತ್ತಿನಲ್ಲಿ ಕ್ರಿಸ್‌ಮಸ್ ಆಲ್ಬಂ ಮಾಡುವುದು ವಾಡಿಕೆಯಲ್ಲ. ಏರುಗಾಲ ಮುಗಿದು, ಹೊಸ ಹಾಡು ಓಡದಾದಾಗ ಗಾಯಕರು ಹಿಡಿಯುವ ದಾರಿ ಅದು ಎಂಬ ಭಾವನೆ ಉದ್ಯಮದಲ್ಲಿತ್ತು. ಮಾಡಬೇಕೆಂದು ಒತ್ತಾಯಿಸಿದವರು ಸೋನಿ ಮ್ಯೂಸಿಕ್‌ನ ಮುಖ್ಯಸ್ಥ ಟಾಮಿ ಮೊಟೋಲಾ, ಆಗ ಆಕೆಯ ಗಂಡ ಕೂಡ. ಹಾಡಿನ ವಿಡಿಯೊದಲ್ಲಿ ಸಾಂಟಾ ವೇಷದಲ್ಲಿ ಬರುವುದೂ ಅವರೇ.

ಮುಂಚಿನ ಉದಾಹರಣೆಗಳೂ ಧೈರ್ಯ ಕೊಡುವಂತಿರಲಿಲ್ಲ. 1957ರಲ್ಲಿ ಎಲ್ವಿಸ್ ಪ್ರೆಸ್ಲಿ ಕ್ರಿಸ್‌ಮಸ್ ಆಲ್ಬಂ ಮಾಡಿದಾಗ 'ವೈಟ್ ಕ್ರಿಸ್‌ಮಸ್' ಬರೆದ ಅರ್ವಿಂಗ್ ಬರ್ಲಿನ್ ಸಿಟ್ಟಾಗಿ, ತನ್ನ ಹಾಡಿನ ಆ ರೂಪವನ್ನು ರೇಡಿಯೊದವರು ಹಾಕಬಾರದೆಂದು ಓಡಾಡಿದರು. ಫಿಲ್ ಸ್ಪೆಕ್ಟರ್ ಎಂಬ ನಿರ್ಮಾಪಕ ರಾನೆಟ್ಸ್, ಡಾರ್ಲೀನ್ ಲವ್ ಮುಂತಾದವರನ್ನು ಹಾಡಿಸಿ ತಂದ ಕ್ರಿಸ್‌ಮಸ್ ಆಲ್ಬಂ ಬಿಡುಗಡೆಯಾದದ್ದು 1963ರ ನವೆಂಬರ್ 22. ಅಧ್ಯಕ್ಷ ಕೆನಡಿಯ ಹತ್ಯೆಯಾದ ದಿನ. ಯಾರಿಗೆ ಬೇಕಿತ್ತು ಆಗ ಗಂಟೆಯ ನಾದ! ಆಲ್ಬಂ ಮಲಗಿತು. ಎಷ್ಟೋ ವರ್ಷದ ಮೇಲೆ ಜನ ಅದನ್ನು ಎಬ್ಬಿಸಿದರು. ಈ ಸ್ಪೆಕ್ಟರ್ ಆಲ್ಬಂ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಇಂಥ ಆಲ್ಬಮ್ಮಿಗೆ ಹಾಡು ಆರಿಸುವುದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳಿಬಿಡುತ್ತೇನೆ. ಅಮೆರಿಕದ ಕಾನೂನಿನ ಪ್ರಕಾರ 1994ರಲ್ಲಿ, ಐದು ನಿಮಿಷದೊಳಗಿನ ಒಂದು ಹಾಡಿಗೆ, ಮಾರಾಟವಾದ ಪ್ರತಿ ಪ್ರತಿಯ ಮೇಲೆ ಬರೆದವರಿಗೆ 6.6 ಸೆಂಟ್ ಸಲ್ಲಬೇಕಿತ್ತು. ಹತ್ತೂ ಹಾಡು ಬೇರೆಯವರದಾದರೆ ಪ್ರತಿಯೊಂದಕ್ಕೆ 66 ಸೆಂಟ್ ಹೊರಗೆ ಹೋಯಿತು. ಆದರೆ ಹಳೆಯ ಕ್ರಿಸ್‌ಮಸ್ ಗೀತೆಗಳಿಗೆ ಹಕ್ಕುದಾರರೇ ಇಲ್ಲ. 'ಸೈಲೆಂಟ್ ನೈಟ್' ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ 1818ರ ಕ್ರಿಸ್‌ಮಸ್ ಸಂಜೆ ಮೊದಲು ಹಾಡಿದ್ದು. 'ಓ ಹೋಲಿ ನೈಟ್' 1847ರಲ್ಲಿ ಅಡಾಲ್ಫ್ ಆಡಮ್ ಸ್ವರ ಹಾಕಿದ ಫ್ರೆಂಚ್ ಹಾಡು. 'ಹಾರ್ಕ್! ದಿ ಹೆರಾಲ್ಡ್ ಏಂಜಲ್ಸ್ ಸಿಂಗ್' ಹದಿನೆಂಟನೆಯ ಶತಮಾನದ ಚಾರ್ಲ್ಸ್ ವೆಸ್ಲಿಯ ಸಾಹಿತ್ಯ, ಹತ್ತೊಂಬತ್ತನೆಯ ಶತಮಾನದ ಮೆಂಡೆಲ್‌ಸನ್‌ನ ಸ್ವರ. ಇವನ್ನು ಹಾಡಿದರೆ ಹೊರಗೆ ಕೊಡಬೇಕಾದದ್ದು ಸೊನ್ನೆ. ಹೊಸದಾಗಿ ಅಳವಡಿಸಿದ್ದೇವೆ ಎಂದು ಅಳವಡಿಕೆಯ ಹಕ್ಕು ಕೇಳಲೂಬಹುದು.

ಈ ಕಣ್ಣಿನಿಂದ ಆಲ್ಬಮ್ಮಿನ ಪಟ್ಟಿ ನೋಡಿ. ನಾಲ್ಕು ಹಾಡು ಪೂರ್ತಿ ಸಾಂಪ್ರದಾಯಿಕ. ಎರಡು ಬೇರೆಯವರ ಹಕ್ಕಿನವು: 1934ರ 'ಸಾಂಟಾ ಕ್ಲಾಸ್ ಈಸ್ ಕಮಿನ್ ಟು ಟೌನ್' ಮತ್ತು ಸ್ಪೆಕ್ಟರ್ ಆಲ್ಬಮ್ಮಿನಲ್ಲಿ ಡಾರ್ಲೀನ್ ಲವ್ ಹಾಡಿದ್ದ 'ಕ್ರಿಸ್‌ಮಸ್ (ಬೇಬಿ ಪ್ಲೀಸ್ ಕಮ್ ಹೋಮ್)'. 'ಜಾಯ್ ಟು ದಿ ವರ್ಲ್ಡ್' ಅರ್ಧ ಹಳೆಯ ಸ್ತೋತ್ರ, ಇನ್ನರ್ಧ ಅದೇ ಹೆಸರಿನ 1971ರ ರಾಕ್ ಹಾಡು. ಉಳಿದ ಮೂರು ಹೊಸವು, ಕ್ಯಾರಿ ಮತ್ತು ನಿರ್ಮಾಪಕ ವಾಲ್ಟರ್ ಅಫನಾಸಿಯೆಫ್ ಸೇರಿ ಬರೆದವು. ಸಾಂಪ್ರದಾಯಿಕ ಗೀತೆ ವಿಶ್ವಾಸ ತರುತ್ತದೆ, ಬೇರೆಯವರ ಹಾಡು ಖರ್ಚು ತರುತ್ತದೆ, ಹೊಸ ಹಾಡು ಗೆದ್ದರೆ ಆಸ್ತಿಯೇ ಆಗುತ್ತದೆ. ತೊಂದರೆಯೆಂದರೆ ಹೊಸ ಹಾಡು ಗೆಲ್ಲುವುದೇ ಇಲ್ಲ. ಹಬ್ಬದಲ್ಲಿ ಜನರಿಗೆ ಹೊಸದು ಬೇಡ. ಯುಗಾದಿಯ ದಿನ ರೇಡಿಯೊ ಹಚ್ಚಿದವನಿಗೆ ಬೇಂದ್ರೆಯವರ ಯುಗಾದಿಯೇ ಬೇಕು, ಬೇರೆ ಯಾರು ಎಷ್ಟು ಚೆನ್ನಾಗಿ ಬರೆದಿದ್ದರೂ ಅವನಿಗೆ ಬೇಡ.

ಹೊಸ ಹಾಡನ್ನು ಹಳೆಯದರ ಹಾಗೆ ಕಾಣಿಸುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹಾಡು ಜಿ ಮೇಜರ್‌ನಲ್ಲಿದೆ. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದರ ಶ್ರುತಿ, ಕರ್ನಾಟಕ ಸಂಗೀತದಲ್ಲಿ ಹೆಣ್ಣುದನಿಗೆ ಸಲೀಸಾದದ್ದು. ಮೊದಲ ಸಾಲು ಎತ್ತಿಕೊಳ್ಳುವುದು ಸ ಗ ಪ ನಿ ಸ ಎಂದು ಮೇಲೆ ಹತ್ತಿ, ನಿ ದ ಪ ಎಂದು ಇಳಿಯುವ ದಾರಿಯಲ್ಲಿ. ಅಷ್ಟೇ. ಮೊದಲು ಕೇಳಿದಾಗ ಇದೇನು ಸ್ವರಾಭ್ಯಾಸದ ಹಾಗಿದೆಯಲ್ಲ ಎನ್ನಿಸಿತೆಂದು ಅಫನಾಸಿಯೆಫ್ ಮುಂದೆ ಹೇಳಿಕೊಂಡಿದ್ದಾರೆ. ಸರಳೆ ವರಸೆ ಕಲಿತವರಿಗೆ ಅವರ ಅನುಮಾನ ಅರ್ಥವಾಗುತ್ತದೆ. ಆದರೆ ಮಗುವೂ ಒಂದೇ ಸಲಕ್ಕೆ ಹಿಡಿಯುವುದು ಅಂಥದ್ದನ್ನೇ. ಹಾಡಲು ಹೋದರೆ ಮಾತ್ರ ಕಷ್ಟ ಬೇರೆ. ಮಧ್ಯ ಸ್ಥಾಯಿಯ ಷಡ್ಜದಿಂದ ಹೊರಟ ದನಿ ಎರಡು ಸ್ಥಾಯಿ ದಾಟಿ ಅದರ ಮೇಲಿನ ರಿಷಭ ಮುಟ್ಟುತ್ತದೆ. ಕರೋಕೆಯಲ್ಲಿ ಮೊದಲ ಸಾಲನ್ನು ಸುಖವಾಗಿ ಎತ್ತಿಕೊಂಡವರು ಕೊನೆಯಲ್ಲಿ ಸಿಕ್ಕಿಬೀಳುವುದು ಇದಕ್ಕೇ. ಶ್ರುತಿ ಇಳಿಸಿಕೊಂಡರೆ ಆರಂಭ ಕೇಳಿಸುವುದಿಲ್ಲ, ಇಳಿಸದಿದ್ದರೆ ಕೊನೆ ಹರಿಯುತ್ತದೆ.

ಈಗ ಮುಖ್ಯವಾದದ್ದು. ಉಡುಗೊರೆಯ ಬಗ್ಗೆ ಚಿಂತೆಯಿಲ್ಲ ಎನ್ನುವ ಸಾಲು ಬರುವಾಗ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಸಿ ಮೇಜರ್. ಮರದ ಕೆಳಗಿರುವ ಉಡುಗೊರೆ ಎನ್ನುವಾಗ ಅದೇ ಕಾರ್ಡ್ ಮೈನರ್ ಆಗುತ್ತದೆ. ಬದಲಾಗುವುದು ಒಂದೇ ಒಂದು ಸ್ವರ. ಬಿಳಿ ಐದನ್ನು ಷಡ್ಜ ಮಾಡಿಕೊಂಡರೆ, ಅಲ್ಲಿಯ ತನಕ ಇದ್ದ ಚತುಶ್ರುತಿ ಧೈವತ ಅರ್ಧ ಹೆಜ್ಜೆ ಜಾರಿ ಶುದ್ಧ ಧೈವತವಾಗುತ್ತದೆ. ಶಂಕರಾಭರಣ ಹಾಡುತ್ತಿದ್ದವರು ಒಂದು ಕ್ಷಣ ಸರಸಾಂಗಿಯ ಕಡೆ ಕಣ್ಣು ಹಾಯಿಸಿ ಮರಳಿದಂತೆ. ಸಂತೋಷದ ಹಾಡಿನೊಳಗೆ ಎಲ್ಲೋ ಒಂದು ನೆನಪು ಚುಚ್ಚಿತು ಅನ್ನಿಸುವುದು ಆ ಧೈವತದಿಂದ. ಇದು 1990ರ ದಶಕದ ಪಾಪ್ ಹಾಡುಗಳಲ್ಲಿ ಅಪರೂಪ, 1940ರ ಆಸುಪಾಸಿನ ಅಮೆರಿಕನ್ ಹಾಡುಗಳಲ್ಲಿ ಮನೆಮಾತು. 1942ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ 'ವೈಟ್ ಕ್ರಿಸ್‌ಮಸ್'ನಲ್ಲೂ ಇದೇ ಜಾರು ಇದೆ. ಕೇಳುಗನಿಗೆ ಇದೊಂದೂ ಗೊತ್ತಿರಬೇಕಾಗಿಲ್ಲ. ಅಜ್ಜಿಯ ಮನೆಯ ಹಾಡು ಎಂದು ಅವನ ಕಿವಿಯೇ ಗುರುತು ಹಿಡಿಯುತ್ತದೆ.

ಹಾಡಿನ ಆಕಾರವೂ ಹಳೆಯದು. ಆ ಕಾಲದ ಪಾಪ್ ಹಾಡಿನಲ್ಲಿ ಚರಣ ಬೇರೆ, ಅಬ್ಬರದ ಪಲ್ಲವಿ ಬೇರೆ. ಇದರಲ್ಲಿ ಹಾಗೆ ಬೇರ್ಪಟ್ಟ ಪಲ್ಲವಿಯೇ ಇಲ್ಲ. ಪ್ರತಿ ಚರಣದ ಬಾಲಕ್ಕೆ ಹೆಸರಿನ ಸಾಲು ಅಂಟಿಕೊಂಡಿದೆ, ನಡುವೆ ದೀಪಗಳು ಬೆಳಗುತ್ತಿವೆ ಎಂದು ಒಂದು ತಿರುವು, ಮತ್ತೆ ಚರಣ. ಬರ್ಲಿನ್‌ನ ಪೀಳಿಗೆಯವರು ಹಾಡು ಕಟ್ಟುತ್ತಿದ್ದದ್ದು ಹೀಗೆ.

ಮೇಲಿನ ಉಡುಪು ಮಾತ್ರ ಸ್ಪೆಕ್ಟರ್‌ನದು. ಸುಮಾರು ಐವತ್ತು ಸೆಕೆಂಡ್ ತಾಳವಿಲ್ಲದ ನಿಧಾನ ಪೀಠಿಕೆ, ಆಮೇಲೆ ನಿಮಿಷಕ್ಕೆ 150 ಪೆಟ್ಟಿನ ಓಟ. ನಾಲ್ಕರ ತಾಳ, ಒಳಗೆ ತಿಶ್ರದ ತೂಗು. ಪಿಯಾನೊ ಒಂದೇ ಸಮನೆ ಕುಟ್ಟುತ್ತದೆ, ಜಾರುಬಂಡಿಯ ಗೆಜ್ಜೆ ಬಿಡುವಿಲ್ಲದೆ ಅಲುಗುತ್ತದೆ, ಹಿಂದೆ ಮೆಲೊನಿ ಡೇನಿಯಲ್ಸ್, ಕೆಲ್ಲಿ ಪ್ರೈಸ್, ಶಾನ್ರೇ ಪ್ರೈಸ್ ಅವರ ಮೇಳ. ಸ್ಪೆಕ್ಟರ್ ಇಂಥ ನಾದಕ್ಕೆ ಸ್ಟುಡಿಯೊ ತುಂಬ ವಾದ್ಯಗಾರರನ್ನು ತುರುಕುತ್ತಿದ್ದ. ಇಲ್ಲಿ ವಾದ್ಯಗಾರರೇ ಇಲ್ಲ. ಡ್ರಮ್, ಬೇಸ್, ಪಿಯಾನೊ, ಗಂಟೆ ಎಲ್ಲವೂ ಅಫನಾಸಿಯೆಫ್ ಕಂಪ್ಯೂಟರಿನಲ್ಲಿ ಜೋಡಿಸಿದ್ದು. ನಿಜವಾದ ಬ್ಯಾಂಡ್ ಕೂರಿಸಿ ಧ್ವನಿಮುದ್ರಿಸಿಯೂ ನೋಡಿದರು, ಹಿಡಿಸಲಿಲ್ಲ, ಮೊದಲಿನದನ್ನೇ ಇಟ್ಟುಕೊಂಡರು. ಹಳೆಯ ಕಾಲದ ಬೆಚ್ಚನೆಯ ಹಾಡು ಎಂದು ಜಗತ್ತು ಅಪ್ಪಿಕೊಂಡದ್ದರಲ್ಲಿ ಮನುಷ್ಯರದ್ದೆಂದರೆ ಕಂಠ ಮಾತ್ರ. ಇದು ನನಗೆ ಇವತ್ತಿಗೂ ತಮಾಷೆ ಅನ್ನಿಸುತ್ತದೆ.

ಸಾಹಿತ್ಯದ ಜಾಣತನವನ್ನೂ ನೋಡಿ. ಉಡುಗೊರೆ ಬೇಡ, ಒಲೆಯ ಮೇಲೆ ಕಾಲುಚೀಲ ತೂಗುಹಾಕುವುದಿಲ್ಲ, ಸಾಂಟಾ ಬೇಡ, ಹಿಮವೂ ಬೇಡ, ಉತ್ತರ ಧ್ರುವಕ್ಕೆ ಪಟ್ಟಿ ಕಳಿಸುವುದಿಲ್ಲ. ಬೇಡ ಬೇಡ ಎನ್ನುತ್ತಲೇ ಹಬ್ಬದ ಸಾಮಾನೆಲ್ಲ ಒಳಗೆ ಬಂದಾಯಿತು. ಯೇಸುವಿನ ಹೆಸರು ಮಾತ್ರ ಎಲ್ಲೂ ಇಲ್ಲ. ಇಡೀ ಆಲ್ಬಮ್ಮಿನಲ್ಲಿ ಇಲ್ಲವೆಂದಲ್ಲ, ಕೊನೆಯ ಹಾಡು 'ಜೀಸಸ್ ಓ ವಾಟ್ ಎ ವಂಡರ್‌ಫುಲ್ ಚೈಲ್ಡ್' ಕಪ್ಪು ಜನರ ಚರ್ಚಿನ ಗಾಸ್ಪೆಲ್ ಶೈಲಿಯದು, ಚಪ್ಪಾಳೆ, ಮೇಳ, ಕೊನೆಕೊನೆಗೆ ಏರುವ ವೇಗ ಎಲ್ಲ ಇದೆ. ನನ್ನನ್ನು ಕೇಳಿದರೆ ಆಲ್ಬಮ್ಮಿನಲ್ಲಿ ಆಕೆ ಅತ್ಯಂತ ಬಿಚ್ಚುದನಿಯಲ್ಲಿ ಹಾಡಿರುವುದು ಅದರಲ್ಲೇ. ಆದರೆ ದೇಶ ದಾಟಿ ಹೋಗಲು ಎರಡನೆಯ ಹಾಡಿನಷ್ಟು ಹಗುರ ಸಾಮಾನು ಬೇರೆ ಇರಲಿಲ್ಲ. ಜಪಾನಿನಲ್ಲಿ ಕ್ರೈಸ್ತರು ಬೆರಳೆಣಿಕೆ, ಅಲ್ಲಿ ಕ್ರಿಸ್‌ಮಸ್ ಸಂಜೆಯೆಂದರೆ ಪ್ರೇಮಿಗಳ ಸಂಜೆ. ಹಾಡಿಗೆ ಅಲ್ಲಿ ಇಟ್ಟ ಹೆಸರೇ 'ಪ್ರೇಮಿಗಳ ಕ್ರಿಸ್‌ಮಸ್' ಎಂದು. 1994ರಲ್ಲೇ ಒಂದು ಟಿವಿ ಧಾರಾವಾಹಿಯ ಶೀರ್ಷಿಕೆ ಗೀತೆಯಾಯಿತು, ಆ ಹಾಡನ್ನಷ್ಟೇ ಬಿಡಿಯಾಗಿ ಮಾರುವ ಸಿಂಗಲ್ ಹತ್ತು ಲಕ್ಷ ಮೀರಿ ಮಾರಾಟವಾಯಿತು.

ತವರಿನಲ್ಲಿ ಆದದ್ದೇನು? ಆಲ್ಬಂ, ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ ಮೂರನೆಯ ಸ್ಥಾನದ ತನಕ ಏರಿತು. ಅದೇ ಋತುವಿನಲ್ಲಿ ಮೊದಲ ಸ್ಥಾನ ಮುಟ್ಟಿದ ಹಬ್ಬದ ಆಲ್ಬಂ ಯಾರದ್ದು ಗೊತ್ತೆ? ಸ್ಯಾಕ್ಸೊಫೋನ್ ನುಡಿಸುವ ಕೆನ್ನಿ ಜಿ. ವಿಮರ್ಶೆಗಳು ಮಿಶ್ರವಾಗಿದ್ದವು. ದನಿಯನ್ನು ಮೆಚ್ಚಿದವರೇ ಅಲಂಕಾರ ಹೆಚ್ಚಾಯಿತು ಎಂದರು. 'ಓ ಹೋಲಿ ನೈಟ್'ನಂಥ ಹಾಡಿಗೆ ಆ ಮಾತು ನ್ಯಾಯವೇ, ನೇರವಾಗಿ ನಿಲ್ಲಬೇಕಾದ ಸ್ವರಕ್ಕೆ ಆಕೆ ಆರೇಳು ಸ್ವರದ ಗೆಜ್ಜೆ ಕಟ್ಟಿಬಿಡುತ್ತಾಳೆ. ಎರಡನೆಯ ಹಾಡು ಅಮೆರಿಕದ ಮುಖ್ಯ ಹಾಡುಪಟ್ಟಿಯಾದ ಹಾಟ್ 100ರಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಜನ ಕೇಳಲಿಲ್ಲವೆಂದಲ್ಲ. ಅಂಗಡಿಯಲ್ಲಿ ಬಿಡಿ ಸಿಂಗಲ್ ಆಗಿ ಮಾರಾಟಕ್ಕಿಟ್ಟ ಹಾಡಿಗೆ ಮಾತ್ರ ಆಗ ಆ ಪಟ್ಟಿಯಲ್ಲಿ ಜಾಗ. ಬಿಡಿಯಾಗಿ ಮಾರಿದರೆ ಆಲ್ಬಂ ಯಾರು ಕೊಳ್ಳುತ್ತಾರೆ ಎಂದು ಕಂಪನಿಗಳು ಬೇಕೆಂದೇ ಸಿಂಗಲ್ ತರುತ್ತಿರಲಿಲ್ಲ. ಸಿಂಗಲ್ ಬಿಟ್ಟ ಬ್ರಿಟನ್ನಿನಲ್ಲಿ ಅದೇ ವರ್ಷ ಹಾಡು ಎರಡನೆಯ ಸ್ಥಾನಕ್ಕೆ ಬಂತು. ಈಸ್ಟ್ 17 ಎಂಬ ಹುಡುಗರ ತಂಡ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ.

ಮುಂದಿನದು ನಿಯಮಗಳ ಕಥೆ. 1998ರ ಡಿಸೆಂಬರ್‌ನಲ್ಲಿ, ರೇಡಿಯೊದಲ್ಲಿ ಓಡಿದರೂ ಸಾಕು ಎಂದು ಬಿಲ್‌ಬೋರ್ಡ್ ನಿಯಮ ಸಡಿಲಿಸಿತು. 2000ದ ಜನವರಿಯಲ್ಲಿ ಹಾಡು ಮೊದಲ ಬಾರಿ ಹಾಟ್ 100ಕ್ಕೆ ಬಂತು, 83ನೆಯ ಸ್ಥಾನ. ಆಮೇಲೆ ಹಳೆಯ ಹಾಡು ಎಂಬ ಕಾರಣಕ್ಕೆ ಬಾಗಿಲು ಮತ್ತೆ ಮುಚ್ಚಿತು. ಆಲ್ಬಮ್ಮಿಗೂ ಇದೇ ಗತಿ. ಹಳೆಯ ಆಲ್ಬಮ್ಮುಗಳನ್ನು ಬೇರೆ ಪಟ್ಟಿಗೆ ಸರಿಸುತ್ತಿದ್ದರು, 2009ರ ಕೊನೆಯ ತನಕ ಮುಖ್ಯ ಪಟ್ಟಿಯಲ್ಲಿ ಅವಕ್ಕೆ ಪ್ರವೇಶವಿರಲಿಲ್ಲ. ಹಾಗಾಗಿ ಈ ನಡುವಿನ ವರ್ಷಗಳ ಪಟ್ಟಿ ನೋಡಿ ಜನ ಇದನ್ನು ಮರೆತಿದ್ದರು ಎಂದು ಬರೆಯುವುದು ತಪ್ಪು. 2003ರಲ್ಲಿ 'ಲವ್ ಆಕ್ಚುಯಲಿ' ಸಿನಿಮಾದಲ್ಲಿ ಶಾಲೆಯ ಹುಡುಗಿಯೊಬ್ಬಳು ಇದೇ ಹಾಡು ಹಾಡುವುದು ನೆನಪಿರಬಹುದು, ಪ್ರೇಕ್ಷಕರಿಗೆ ಹಾಡು ಗೊತ್ತಿದೆ ಎಂಬ ಧೈರ್ಯದ ಮೇಲೇ ಆ ದೃಶ್ಯ ನಿಂತಿದೆ.

2012ರಲ್ಲಿ, ಹಳೆಯ ಹಾಡಾದರೂ ಮೊದಲ ಐವತ್ತರೊಳಗೆ ಬರುವಷ್ಟು ಓಡಿದರೆ ಸೇರಿಸಬಹುದು ಎಂದಾಯಿತು. ಅದೇ ಚಳಿಗಾಲದಲ್ಲಿ ಹಾಡು 21ಕ್ಕೆ ಹಾರಿತು. ಆ ಹೊತ್ತಿಗೆ ಸ್ಟ್ರೀಮಿಂಗ್ ಬಂದಿತ್ತು. ಇದರ ವ್ಯತ್ಯಾಸ ಗಮನಿಸಿ. ಸಿಡಿ ಕೊಂಡವನು 1994ರಲ್ಲಿ ಒಮ್ಮೆ ಎಣಿಕೆಗೆ ಸಿಕ್ಕಿದ, ಮುಂದಿನ ಇಪ್ಪತ್ತು ವರ್ಷ ಮನೆಯಲ್ಲಿ ಎಷ್ಟು ಸಲ ಹಾಕಿದರೂ ಲೆಕ್ಕಕ್ಕಿಲ್ಲ. ಸ್ಟ್ರೀಮಿಂಗ್‌ನಲ್ಲಿ ಪ್ರತಿ ಸಲ ಹಾಕಿದ್ದೂ ಲೆಕ್ಕ. ಹಬ್ಬದ ಹಾಡಿಗೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ಇಲ್ಲ, ಏಕೆಂದರೆ ಅದು ಮತ್ತೆ ಮತ್ತೆ ಹಾಕುವುದಕ್ಕೆಂದೇ ಇರುವ ಹಾಡು. 2017ರಲ್ಲಿ ಒಂಬತ್ತು, ಮರುವರ್ಷದ ಋತುವಿನಲ್ಲಿ ಮೂರು, 2019ರ ಡಿಸೆಂಬರ್ 21ರ ಪಟ್ಟಿಯಲ್ಲಿ ಒಂದು. ಆಲ್ಬಮ್ಮಿನ ಇಪ್ಪತ್ತೈದನೆಯ ವರ್ಷದ ವಿಶೇಷ ಆವೃತ್ತಿ ಆಗಲೇ ನವೆಂಬರ್ 1ಕ್ಕೆ ಬಂದಿತ್ತು, ಹಾಗಾಗಿ ಪ್ರಚಾರದ ಕೈಯೂ ಇತ್ತೆನ್ನಿ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ 2020ರ ಡಿಸೆಂಬರ್ ಆಯಿತು. 2024ರ ಋತು ಮುಗಿಯುವಾಗ ಅಮೆರಿಕದಲ್ಲಿ ಅದು ಮೊದಲ ಸ್ಥಾನದಲ್ಲಿ ಕಳೆದ ವಾರಗಳು ಒಟ್ಟು 18.

ಬಾಗಿಲು ತೆರೆದದ್ದು ಅವಳೊಬ್ಬಳಿಗೇ ಅಲ್ಲ. ಬ್ರೆಂಡಾ ಲೀ ಹದಿಮೂರರ ವಯಸ್ಸಿನಲ್ಲಿ ಹಾಡಿ 1958ರಲ್ಲಿ ಬಿಡುಗಡೆಯಾದ 'ರಾಕಿನ್ ಅರೌಂಡ್ ದಿ ಕ್ರಿಸ್‌ಮಸ್ ಟ್ರೀ' 2023ರ ಡಿಸೆಂಬರ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ಆಕೆಗೆ 78. ವ್ಯಾಮ್ ತಂಡದ 1984ರ 'ಲಾಸ್ಟ್ ಕ್ರಿಸ್‌ಮಸ್' 2023 ಮತ್ತು 2024 ಎರಡೂ ವರ್ಷ ಬ್ರಿಟನ್ನಿನ ಕ್ರಿಸ್‌ಮಸ್ ವಾರದ ಮೊದಲ ಹಾಡು. ಇದರ ಇನ್ನೊಂದು ಮುಖ, ಡಿಸೆಂಬರ್‌ನಲ್ಲಿ ಹೊಸ ಹಾಡು ಬಿಡುವವರಿಗೆ ಪಟ್ಟಿಯ ಮೇಲ್ಗಡೆ ಜಾಗವೇ ಇಲ್ಲ. ಅವರ ಗೊಣಗಾಟದಲ್ಲಿ ಅರ್ಥವಿದೆ.

ಹಾಡು ಆಸ್ತಿಯಾದ ಮೇಲೆ ವ್ಯಾಜ್ಯ ಬರಲೇಬೇಕು. ಹಾಡು ಹುಟ್ಟಿದ ಬಗೆಯ ಬಗ್ಗೆ ಕ್ಯಾರಿ ಹೇಳುವುದು ಒಂದು, ಅಫನಾಸಿಯೆಫ್ ಹೇಳುವುದು ಇನ್ನೊಂದು. ಚಿಕ್ಕ ಕ್ಯಾಸಿಯೊ ಕೀಬೋರ್ಡಿನ ಮೇಲೆ ತಾನೊಬ್ಬಳೇ ಶುರು ಮಾಡಿದೆ ಎಂದು ಆಕೆ, ಇಬ್ಬರೂ ಕೂತು ಕಟ್ಟಿದ್ದು ಎಂದು ಅವರು. 'ಕ್ರಿಸ್‌ಮಸ್ ರಾಣಿ' ಎಂಬ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಆಕೆಯ ಕಂಪನಿ 2021ರಲ್ಲಿ ಅರ್ಜಿ ಹಾಕಿತು. ವರ್ಷವಿಡೀ ಕ್ರಿಸ್‌ಮಸ್ ಹಾಡನ್ನೇ ಮಾಡುವ ಎಲಿಜಬೆತ್ ಚಾನ್ ಎಂಬ ಗಾಯಕಿ ಆಕ್ಷೇಪಿಸಿದರು. ಕಂಪನಿ ಉತ್ತರವನ್ನೇ ಕೊಡದೆ 2022ರ ನವೆಂಬರ್‌ನಲ್ಲಿ ಅರ್ಜಿ ಬಿದ್ದುಹೋಯಿತು. ಮೂರನೆಯದು ಹೆಚ್ಚು ಗಂಭೀರ. ಇದೇ ಹೆಸರಿನ ಹಾಡನ್ನು 1989ರಲ್ಲೇ ತಂದಿದ್ದ ವಿನ್ಸ್ ವಾನ್ಸ್ ಎಂಬ ಗಾಯಕ ನಕಲಿನ ಮೊಕದ್ದಮೆ ಹೂಡಿದರು. 2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಎರಡೂ ಹಾಡಿನಲ್ಲಿ ಸಮಾನವಾಗಿರುವುದು ಕ್ರಿಸ್‌ಮಸ್ ಹಾಡುಗಳಲ್ಲೆಲ್ಲ ಬರುವ ಸಾಮಾನ್ಯ ಸಾಮಗ್ರಿ ಎಂಬುದು ತಜ್ಞರ ವಾದ. ಆಗ ಹೇಳಿದೆನಲ್ಲ, ಉಡುಗೊರೆ, ಮರ, ಸಾಂಟಾ, ಹಿಮ. ಹಾಡನ್ನು ಹಳೆಯದೆನ್ನಿಸಿದ ಅದೇ ಸಾಮಾನು ಕೋರ್ಟಿನಲ್ಲೂ ಕಾಪಾಡಿತು.

ಇನ್ನು ಆಲ್ಬಮ್ಮಿನ ಉಳಿದ ಎರಡು ಹೊಸ ಹಾಡುಗಳು. 'ಜೀಸಸ್ ಬಾರ್ನ್ ಆನ್ ದಿಸ್ ಡೇ' ಮಕ್ಕಳ ಮೇಳವಿರುವ ಭಕ್ತಿಗೀತೆ, ಅದನ್ನು ಪಕ್ಕಕ್ಕಿಡೋಣ. ಐದನೆಯ ಹಾಡು 'ಮಿಸ್ ಯೂ ಮೋಸ್ಟ್' ವಿರಹದ್ದು. ಬರೆದವರು ಅವರಿಬ್ಬರೇ, ಅದೇ ಬೇಸಿಗೆ, ಅದೇ ಕಂಠ. ದನಿಯ ಹದ ನೋಡಿದರೆ ಎರಡನೆಯದಕ್ಕಿಂತ ಇದೇ ಮೇಲು ಎನ್ನುವವರಿದ್ದಾರೆ. ಆದರೆ ಯಾವ ಮಾಲಿನಲ್ಲೂ ನೀವು ಅದನ್ನು ಕೇಳಿರಲಾರಿರಿ. ಹೊಳಪು ಹೊಳಪಾದ ಕೀಬೋರ್ಡ್, ಸಿಂತಸೈಜರ್ ತಂತಿಗಳು, ಮೆಲ್ಲಗೆ ಶುರುವಾಗಿ ಕೊನೆಗೆ ಎತ್ತರಕ್ಕೆ ಹೋಗಿ ಕೂಗುವ ನಡೆ, ಎಲ್ಲವೂ ಆ ವರ್ಷಗಳ ಪ್ರೇಮಗೀತೆಯ ಅಚ್ಚು. ಮನೆಗೆ ಹೋದ ಮೇಲೆ ಎರಡನ್ನೂ ಒಂದರ ಹಿಂದೊಂದು ಹಾಕಿಕೊಂಡು ಕೇಳಿ. ಐದನೆಯದು ಬಂದ ವರ್ಷ ಯಾವುದೆಂದು ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ಹೇಳಿಬಿಡಬಹುದು.